ಟ್ರೇಡಿಂಗ್ ಲೋಕದಲ್ಲಿ ಟೆಕ್ ಸಪೋರ್ಟ್ ಕೆಲಸ: ಬ್ರೋಕರ್, ಬ್ಯಾಂಕ್, ಎಕ್ಸ್‌ಚೇಂಜ್, ಪ್ರಾಪ್ ಸಂಸ್ಥೆ – ಯಾವುದು ಯಾರಿಗೆ?

ಬೇರೆ ಕಡೆ ಸರ್ವರ್ ಹತ್ತು ನಿಮಿಷ ಕೈಕೊಟ್ಟರೆ ಜನ ಟೀ ಕುಡಿಯಲು ಎದ್ದು ಹೋಗುತ್ತಾರೆ. ಷೇರು ವಹಿವಾಟಿನ ಕಚೇರಿಯಲ್ಲಿ ಬೆಳಿಗ್ಗೆ 9:15ಕ್ಕೆ ಅದೇ ಹತ್ತು ನಿಮಿಷ ಕೈಕೊಟ್ಟರೆ ಯಾರೂ ಕುರ್ಚಿ ಬಿಡುವುದಿಲ್ಲ. ಬೆಲೆ ಓಡುತ್ತಿರುತ್ತದೆ, ಯಾರದೋ ದುಡ್ಡು ನಡುವೆ ಸಿಕ್ಕಿಕೊಂಡಿರುತ್ತದೆ, ಫೋನ್ ಹೊಡೆದುಕೊಳ್ಳುತ್ತಿರುತ್ತದೆ. ಆ ಫೋನ್ ಎತ್ತುವವರು, ಲಾಗ್ (ಸಿಸ್ಟಂ ತಾನೇ ಬರೆದಿಡುವ ದಾಖಲೆ) ತೆರೆದು ಕೊಂಡಿ ಎಲ್ಲಿ ತಪ್ಪಿದೆ ಎಂದು ಹುಡುಕುವವರು ಸಪೋರ್ಟ್ ತಂಡದವರು. ಕೋಡ್ ಬರೆಯುವವರಷ್ಟು ಹೆಸರು ಅವರಿಗಿಲ್ಲ. ಆದರೆ ಬಿಸಿಎ, ಬಿಎಸ್ಸಿ, ಡಿಪ್ಲೊಮಾ ಮಾಡಿದವರಿಗೂ ಬಾಗಿಲು ತೆರೆದಿರುವ, ಕಲಿತಷ್ಟೂ ಬೆಲೆ ಏರುವ ಕೆಲಸ ಇದು.

ಈ ಕಡೆ ಬರಬೇಕು ಅಂತಿರುವವರು ಮೊದಲು ಕೇಳುವುದು ‘ಪ್ಯಾಕೇಜ್ ಎಷ್ಟು?’ ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಮೊದಲನೆಯದು, ನೀವು ಯಾವ ಮಾರುಕಟ್ಟೆಯ ಗಡಿಯಾರಕ್ಕೆ ದುಡಿಯಬೇಕು? ಎರಡನೆಯದು, ಸಿಸ್ಟಂ ಕೆಟ್ಟಾಗ ಕಳೆದುಹೋಗುವ ದುಡ್ಡು ಯಾರದ್ದು, ಅವರು ನಿಮ್ಮಿಂದ ಎಷ್ಟು ದೂರ ಕೂತಿದ್ದಾರೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಬ್ರೋಕರ್, ಬ್ಯಾಂಕ್, ಎಕ್ಸ್‌ಚೇಂಜ್, ತಮ್ಮದೇ ದುಡ್ಡಿನಲ್ಲಿ ವಹಿವಾಟು ಮಾಡುವ ಪ್ರಾಪ್ ಸಂಸ್ಥೆ – ಈ ನಾಲ್ಕರ ಕೆಳಗಿನ ಹೋಲಿಕೆಯನ್ನು ನಾನು ಮಾಡಿರುವುದೂ ಈ ಲೆಕ್ಕದಲ್ಲೇ.

ಒಂದು ಆರ್ಡರ್ ಹೋಗುವ ದಾರಿ

ನೀವು ಮೊಬೈಲಿನಲ್ಲಿ ‘ಬೈ’ ಒತ್ತುತ್ತೀರಿ. ಆರ್ಡರ್ ಮೊದಲು ಬ್ರೋಕರ್‌ನ ಆರ್ಡರ್ ಮ್ಯಾನೇಜ್‌ಮೆಂಟ್ ಸಿಸ್ಟಂಗೆ ಹೋಗುತ್ತದೆ. ಅದನ್ನು ಎಲ್ಲರೂ ಓಎಂಎಸ್ ಅನ್ನುತ್ತಾರೆ. ಅಲ್ಲಿ ರಿಸ್ಕ್ ತಪಾಸಣೆ ನಡೆಯುತ್ತದೆ: ಖಾತೆಯಲ್ಲಿ ದುಡ್ಡಿದೆಯಾ, ಮಾರ್ಜಿನ್ (ವಹಿವಾಟಿಗೆ ಮೊದಲೇ ಇಡಬೇಕಾದ ಹಣ) ಸಾಲುತ್ತದಾ, ಬೆಲೆ ಮಿತಿಯೊಳಗಿದೆಯಾ? ಪಾಸಾದರೆ ಗೇಟ್‌ವೇ ಮೂಲಕ ಎಕ್ಸ್‌ಚೇಂಜ್ ತಲುಪುತ್ತದೆ. ಅಲ್ಲಿ ಮಾರುವವರ ಆರ್ಡರ್ ಜೊತೆ ಕೂಡಿ ಟ್ರೇಡ್ ಆಗುತ್ತದೆ. ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಸಂಜೆ ಬ್ಯಾಕ್ ಆಫೀಸ್ (ಲೆಕ್ಕಪತ್ರ ನೋಡುವ ವಿಭಾಗ) ಲೆಕ್ಕ ಹಾಕುತ್ತದೆ, ಆ ದಿನದ ವಹಿವಾಟಿನ ವಿವರ ಇರುವ ಕಾಂಟ್ರಾಕ್ಟ್ ನೋಟ್ ಗ್ರಾಹಕರಿಗೆ ಹೋಗುತ್ತದೆ, ಮರುದಿನ ಕ್ಲಿಯರಿಂಗ್ (ಯಾರು ಯಾರಿಗೆ ಷೇರು, ದುಡ್ಡು ಕೊಡಬೇಕು ಎಂಬ ಲೆಕ್ಕ) ಮುಗಿದು ಷೇರು ಡಿಮ್ಯಾಟ್ ಖಾತೆಗೆ ಬೀಳುತ್ತದೆ. ಭಾರತದಲ್ಲಿ 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಈ ಒಂದೇ ದಿನದ ಸೆಟಲ್‌ಮೆಂಟ್ ಬಂದಿದೆ. ಅಮೆರಿಕ ಇದಕ್ಕೆ ಬಂದದ್ದು ನಮಗಿಂತ ತಡವಾಗಿ, 2024ರ ಮೇ 28ಕ್ಕೆ.

ಈ ದಾರಿಯ ಯಾವ ಮೂಲೆಯಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ನಿಮ್ಮ ಕೆಲಸ ನಿಂತಿದೆ. ಎಲ್ಲ ಕಡೆಯೂ ಎಲ್1, ಎಲ್2, ಎಲ್3 ಎಂಬ ಮೆಟ್ಟಿಲುಗಳಿರುತ್ತವೆ. ಎಲ್1 ಅಂದರೆ ಪರದೆಯಲ್ಲಿ ಕೆಂಪು ದೀಪ ಕಂಡರೆ ಟಿಕೆಟ್ ಹಾಕಿ ಮುಂದೆ ದಾಟಿಸುವುದು. ಎಲ್2 ಅಂದರೆ ಲಾಗ್ ಓದಿ, ಡೇಟಾಬೇಸ್ ನೋಡಿ, ನೀವೇ ಸರಿಮಾಡುವುದು. ಎಲ್3 ಕೋಡ್ ಗೊತ್ತಿರುವವರ ಜಾಗ. ಈ ಕ್ಷೇತ್ರದಲ್ಲಿ ಜೀವನ ಶುರುವಾಗುವುದೇ ಎಲ್2ನಲ್ಲಿ. ಎಲ್1 ಕೆಲಸವನ್ನು ಮಾನಿಟರಿಂಗ್ ತಂತ್ರಾಂಶಗಳು ವರ್ಷ ವರ್ಷ ಕಿತ್ತುಕೊಳ್ಳುತ್ತಿವೆ. ಅಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಕೂರಬೇಡಿ.

ಯಾರೂ ಓದದ 97 ಇಮೇಲ್‌ಗಳು

ಸಪೋರ್ಟ್ ಕೆಲಸದ ತೂಕ ಎಷ್ಟು ಅಂತ ತಿಳಿಯಲು ನೈಟ್ ಕ್ಯಾಪಿಟಲ್ ಕಥೆ ಓದಬೇಕು. ಇದು ಅಮೆರಿಕದ ದೊಡ್ಡ ಟ್ರೇಡಿಂಗ್ ಸಂಸ್ಥೆಯಾಗಿತ್ತು. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಎಕ್ಸ್‌ಚೇಂಜ್ ಒಂದು ಹೊಸ ಯೋಜನೆ ಶುರು ಮಾಡುವುದಿತ್ತು. ಅದಕ್ಕಾಗಿ ನೈಟ್ ತನ್ನ ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದು ಬಿಟ್ಟುಹೋಯಿತು. ಅದರಲ್ಲಿ 2003ರಲ್ಲೇ ಬಳಕೆ ನಿಲ್ಲಿಸಿದ್ದ ‘ಪವರ್ ಪೆಗ್’ ಎಂಬ ಹಳೇ ಕೋಡ್ ಹಾಗೇ ಮಲಗಿತ್ತು. ಹೊಸ ಕೋಡ್‌ಗೆ ಅಂತ ಬಳಸಿದ ಸ್ವಿಚ್ ಈ ಹಳೇ ಕೋಡಿನದೇ ಆಗಿತ್ತು. ಸ್ವಿಚ್ ಒತ್ತಿದ ಕೂಡಲೇ ಎಂಟನೇ ಸರ್ವರ್‌ನಲ್ಲಿ ಆ ಹಳೇ ಭೂತ ಎದ್ದಿತು. 45 ನಿಮಿಷದಲ್ಲಿ 154 ಕಂಪನಿಗಳ 39 ಕೋಟಿಗೂ ಹೆಚ್ಚು ಷೇರುಗಳ ವಹಿವಾಟು ನಡೆದುಹೋಯಿತು. ನಷ್ಟ 46 ಕೋಟಿ ಡಾಲರ್ ದಾಟಿತು.

ನಮಗೆ ಬೇಕಾದ್ದು ಇದರ ಎರಡು ಸಣ್ಣ ವಿವರ. ಒಂದು, ಮಾರುಕಟ್ಟೆ ತೆರೆಯುವ ಮೊದಲೇ, ಬೆಳಿಗ್ಗೆ ಎಂಟರ ಹೊತ್ತಿಗೆ, ಸಿಸ್ಟಂ ತಾನೇ ಇಮೇಲ್ ಕಳಿಸಲು ಶುರು ಮಾಡಿತ್ತು. ಒಟ್ಟು 97 ಇಮೇಲ್. ಅದರಲ್ಲಿ ‘ಪವರ್ ಪೆಗ್’ ಹೆಸರೂ ಇತ್ತು. ಆದರೆ ಅವನ್ನು ಎಚ್ಚರಿಕೆಯ ಸಂದೇಶ ಅಂತ ಮಾಡಿರಲಿಲ್ಲ, ಬಂದಾಗ ಸಾಮಾನ್ಯವಾಗಿ ಯಾರೂ ನೋಡುತ್ತಲೂ ಇರಲಿಲ್ಲ. ಇನ್ನೊಂದು, ಗಾಬರಿಯಲ್ಲಿ ತಂಡದವರು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದುಹಾಕಿದರು. ಆಗ ಹಳೇ ಕೋಡ್ ಅಲ್ಲೂ ಎದ್ದು ನಿಂತಿತು, ನಷ್ಟ ಇನ್ನೂ ಜೋರಾಯಿತು. ಅಮೆರಿಕದ ಮಾರುಕಟ್ಟೆ ನಿಯಂತ್ರಕರು 2013ರಲ್ಲಿ ಕೊಟ್ಟ ಆದೇಶದಲ್ಲಿ ಇದೆಲ್ಲ ದಾಖಲಾಗಿದೆ. ಬೆಳಗಿನ ಇಮೇಲ್‌ಗಳಲ್ಲಿ ಯಾವುದು ಕಸ, ಯಾವುದು ಬೆಂಕಿ ಅಂತ ಗುರುತಿಸುವುದು, ಬೆಂಕಿ ಹತ್ತಿದಾಗ ಏನು ಮಾಡಬಾರದು ಅಂತ ತಿಳಿದಿರುವುದು. ನಿಮಗೆ ಸಂಬಳ ಕೊಡುವುದು ಇದಕ್ಕೇ.

ಬ್ರೋಕರ್: ಬೆಂಗಳೂರಿನವರಿಗೆ ಹತ್ತಿರದ ಬಾಗಿಲು

ಒಂದು ಕಾಲಕ್ಕೆ ಷೇರು ವ್ಯವಹಾರ ಅಂದರೆ ಮುಂಬೈ ರೈಲು ಹತ್ತಬೇಕಿತ್ತು. ಬೆಂಗಳೂರಿಗೂ 1963ರಿಂದ ತನ್ನದೇ ಸ್ಟಾಕ್ ಎಕ್ಸ್‌ಚೇಂಜ್ ಇತ್ತು, 2014ರಲ್ಲಿ ಅದು ಬಾಗಿಲು ಹಾಕಿತು. ತಮಾಷೆ ಅಂದರೆ ಅಷ್ಟರಲ್ಲಿ 2010ರಲ್ಲಿ ಶುರುವಾದ ಜೆರೋಧಾ ಇದೇ ಊರಿನಲ್ಲಿ ಬೆಳೆಯುತ್ತಿತ್ತು. 2016ರಲ್ಲಿ ಗ್ರೋ ಬಂತು. ಎಕ್ಸ್‌ಚೇಂಜ್ ಹೋದ ಊರಿಗೆ ದೇಶದ ಅತಿ ದೊಡ್ಡ ಬ್ರೋಕರ್‌ಗಳು ಬಂದು ಕೂತರು.

ಇಲ್ಲಿನ ಗಡಿಯಾರ ನಮ್ಮದೇ. 9 ಗಂಟೆಗೆ ಪ್ರೀ-ಓಪನ್, 9:15ರಿಂದ 3:30 ವಹಿವಾಟು. ನೀವು ಏಳೂವರೆ, ಎಂಟಕ್ಕೆ ಕೂತಿರಬೇಕು. ಆ ದಿನದ ಸ್ಕ್ರಿಪ್ ಫೈಲ್ (ಷೇರುಗಳ ಪಟ್ಟಿ), ಮಾರ್ಜಿನ್ ಫೈಲ್ ಎಲ್ಲ ಸರಿಯಾಗಿ ಲೋಡ್ ಆಗಿದೆಯಾ, ಎಕ್ಸ್‌ಚೇಂಜ್ ಸಂಪರ್ಕ ಸಿಕ್ಕಿದೆಯಾ ಅಂತ ನೋಡಬೇಕು. ಸಂಜೆ ಬ್ಯಾಕ್ ಆಫೀಸ್ ಕೆಲಸ ಶುರುವಾಗುವಷ್ಟರಲ್ಲಿ ಬೆಳಗಿನ ಶಿಫ್ಟ್‌ನವರು ಮನೆಗೆ ಹೊರಡಬಹುದು. ಕಮಾಡಿಟಿ ವಿಭಾಗ ಸಿಕ್ಕಿದರೆ ಮಾತ್ರ ಬೇರೆ ಕಥೆ. ಚಿನ್ನ, ಕಚ್ಚಾ ತೈಲದಂಥ ಸರಕುಗಳ ಎಕ್ಸ್‌ಚೇಂಜ್ ಎಂಸಿಎಕ್ಸ್ ರಾತ್ರಿ 11:30ರವರೆಗೆ, ಅಮೆರಿಕದ ಚಳಿಗಾಲದಲ್ಲಿ 11:55ರವರೆಗೆ ನಡೆಯುತ್ತದೆ.

ದುಡ್ಡು ಸಾಮಾನ್ಯ ಜನರದ್ದು. ಅವರು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ, ಆದರೆ ಸೋಷಿಯಲ್ ಮೀಡಿಯಾದಲ್ಲಿ ಇರುತ್ತಾರೆ. ಆ್ಯಪ್ ಐದು ನಿಮಿಷ ನಿಂತರೂ ಸ್ಕ್ರೀನ್‌ಶಾಟ್ ಹರಿದಾಡುತ್ತವೆ. ಮಾರುಕಟ್ಟೆ ನಿಯಂತ್ರಕ ಸೆಬಿ ಕೂಡ 2022ರ ನವೆಂಬರ್‌ನಲ್ಲಿ ಬ್ರೋಕರ್‌ಗಳ ತಾಂತ್ರಿಕ ತೊಂದರೆಗೆ ಒಂದು ಚೌಕಟ್ಟು ತಂದಿತು. ಸಿಸ್ಟಂ ಸತತ ಐದು ನಿಮಿಷ ನಿಂತರೆ ಅಥವಾ ನಿಧಾನವಾದರೂ ಅದನ್ನು ‘ಗ್ಲಿಚ್’ ಅಂತ ಲೆಕ್ಕ ಹಾಕಿ, ಎಕ್ಸ್‌ಚೇಂಜ್‌ಗೆ ತಿಳಿಸಿ, ಮೂಲ ಕಾರಣದ ವರದಿ ಕೊಡಬೇಕು ಅಂತ ಅದರಲ್ಲಿತ್ತು. ಆ ವರದಿಯ ಮೊದಲ ಕರಡು ಬರೆಯುವುದು ಬಹಳ ಸಲ ಸಪೋರ್ಟ್‌ನವರೇ.

ಎಕ್ಸ್‌ಪೈರಿ, ಅಂದರೆ ಫ್ಯೂಚರ್ಸ್, ಆಪ್ಷನ್ಸ್ ಒಪ್ಪಂದಗಳ ಗಡುವು ಮುಗಿಯುವ ದಿನಗಳು ಕಷ್ಟದ್ದು. 2025ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇಗೆ ಮಂಗಳವಾರ, ಬಿಎಸ್‌ಇಗೆ ಗುರುವಾರ. ಆ ದಿನ ಮಧ್ಯಾಹ್ನ ಎರಡರ ಮೇಲೆ ಆರ್ಡರ್‌ಗಳ ಸುರಿಮಳೆ. ಊಟದ ಡಬ್ಬಿ ಬೇಗ ಮುಗಿಸಿಕೊಳ್ಳಿ. ತಿಂಗಳಲ್ಲಿ ಯಾವುದಾದರೂ ಶನಿವಾರ ಎಕ್ಸ್‌ಚೇಂಜ್‌ನವರ ಮಾಕ್ ಟ್ರೇಡಿಂಗ್ (ಅಣಕು ವಹಿವಾಟು) ಇರುತ್ತದೆ. ಬಜೆಟ್ ದಿನ ರಜೆಯಲ್ಲಿ ಬಿದ್ದರೂ ಮಾರುಕಟ್ಟೆ ತೆರೆಯಬಹುದು, 2025ರ ಫೆಬ್ರುವರಿ 1ರ ಶನಿವಾರ ಹಾಗೇ ಆಯಿತು. ದೀಪಾವಳಿಗೆ ಮುಹೂರ್ತ ಟ್ರೇಡಿಂಗ್. ಮನೆಯಲ್ಲಿ ಒಬ್ಬಟ್ಟು, ನೀವು ಡೆಸ್ಕ್‌ನಲ್ಲಿ.

ಇಷ್ಟಾದರೂ ಹೊಸಬರಿಗೆ ನಾನು ಮೊದಲು ಹೇಳುವುದು ಬ್ರೋಕರ್ ಕಡೆಯೇ. ಯಾಕೆ ಅಂದರೆ ತಂಡ ಚಿಕ್ಕದು. ಲಾಗಿನ್ ತೊಂದರೆಯಿಂದ ಹಿಡಿದು ಡಿಮ್ಯಾಟ್‌ವರೆಗೆ ಇಡೀ ದಾರಿ ಒಂದೆರಡು ವರ್ಷದಲ್ಲಿ ಕಣ್ಣಿಗೆ ಬೀಳುತ್ತದೆ. ದೊಡ್ಡ ಬ್ಯಾಂಕಿನಲ್ಲಿ ಐದು ವರ್ಷ ಇದ್ದವರಿಗೂ ಅದು ಸಿಗದೇ ಇರಬಹುದು. ಶುರುವಿನ ಸಂಬಳ ಕಡಿಮೆ, ಬರೆದಿಟ್ಟ ದಾಖಲೆ ಇನ್ನೂ ಕಡಿಮೆ, ‘ಅವರನ್ನ ಕೇಳಿ, ಅವರಿಗೆ ಗೊತ್ತು’ ಅನ್ನುವ ಸಂಸ್ಕೃತಿ ಜಾಸ್ತಿ. ಇದನ್ನು ತಿಳಿದುಕೊಂಡೇ ಹೋಗಿ.

ಒಂದು ಎಚ್ಚರಿಕೆ. ಜಾಹೀರಾತಿನಲ್ಲಿ ‘ಟೆಕ್ನಿಕಲ್ ಸಪೋರ್ಟ್’ ಅಂತ ಹಾಕಿ, ಕೊನೆಗೆ ಹೆಡ್‌ಫೋನ್ ಕೊಟ್ಟು ಪಾಸ್‌ವರ್ಡ್ ಮರೆತವರ ಕರೆ ತೆಗೆದುಕೊಳ್ಳಲು ಕೂರಿಸುವುದು ಉಂಟು. ಅದು ಗ್ರಾಹಕ ಸೇವೆ. ಕೆಟ್ಟ ಕೆಲಸ ಅಲ್ಲ, ಆದರೆ ನೀವು ಹುಡುಕುತ್ತಿರುವುದು ಅದಲ್ಲ. ‘ನನಗೆ ಸರ್ವರ್ ಲಾಗ್ ನೋಡುವ ಅನುಮತಿ ಸಿಗುತ್ತದಾ?’ ಅಂತ ಕೇಳಿ. ಇಲ್ಲ ಅಂದರೆ ಉತ್ತರ ಸಿಕ್ಕಂತೆ.

ವಿದೇಶಿ ಬ್ಯಾಂಕುಗಳ ಬೆಂಗಳೂರು ಕಚೇರಿ

ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಬೆಂಗಳೂರಿಗೆ ಬಂತು. ಜೆಪಿ ಮಾರ್ಗನ್, ಮಾರ್ಗನ್ ಸ್ಟಾನ್ಲಿ, ಸೊಸೈಟಿ ಜನರಲ್ ಹೀಗೆ ಪಟ್ಟಿ ಉದ್ದವಿದೆ. ಔಟರ್ ರಿಂಗ್ ರೋಡ್ ಕಡೆಯ ಗಾಜಿನ ಕಟ್ಟಡಗಳಲ್ಲಿ ಕೂತು ನ್ಯೂಯಾರ್ಕ್, ಲಂಡನ್, ಹಾಂಗ್‌ಕಾಂಗ್ ಟ್ರೇಡರ್‌ಗಳ ಸಿಸ್ಟಂ ನೋಡಿಕೊಳ್ಳುವ ಕೆಲಸ.

ಗಡಿಯಾರದ ಪ್ರಶ್ನೆ ಇಲ್ಲಿ ಜೋರು. ಟೋಕಿಯೊ ತೆರೆಯುವುದು ನಮ್ಮ ಬೆಳಿಗ್ಗೆ 5:30ಕ್ಕೆ. ಹಾಂಗ್‌ಕಾಂಗ್ 7ಕ್ಕೆ. ಲಂಡನ್ ಬೇಸಿಗೆಯಲ್ಲಿ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ. ನ್ಯೂಯಾರ್ಕ್ ಸಂಜೆ 7 ಅಥವಾ 8ಕ್ಕೆ ತೆರೆದು ನಡುರಾತ್ರಿ 1:30 ಅಥವಾ 2:30ಕ್ಕೆ ಮುಚ್ಚುತ್ತದೆ. ಆಮೇಲೆ ದಿನದ ಕೊನೆಯ ಬ್ಯಾಚ್ (ಸಾಲಾಗಿ ತಾವಾಗೇ ಓಡುವ ಲೆಕ್ಕದ ಕೆಲಸಗಳು). ನನ್ನನ್ನು ಕೇಳಿದರೆ ಇದರಲ್ಲಿ ಲಂಡನ್ ಶಿಫ್ಟ್ ಒಳ್ಳೆಯದು. ಮಧ್ಯಾಹ್ನ ಊಟ ಮಾಡಿ ಹೋಗಿ ರಾತ್ರಿ ಹತ್ತೂವರೆಗೆ ಮನೆ ಸೇರಬಹುದು. ನ್ಯೂಯಾರ್ಕ್ ಶಿಫ್ಟ್‌ಗೆ ಭತ್ಯೆ ಸಿಗುತ್ತದೆ, ಕ್ಯಾಬ್ ಸಿಗುತ್ತದೆ, ರಿಂಗ್ ರೋಡ್ ಖಾಲಿ ಸಿಗುತ್ತದೆ. ನಿದ್ದೆ ಮಾತ್ರ ಸಿಗುವುದಿಲ್ಲ. ಹಗಲು ಮಲಗಿದರೆ ಪಕ್ಕದ ಸೈಟಿನಲ್ಲಿ ಮನೆ ಕಟ್ಟುವ ಸದ್ದು.

ಇಲ್ಲೊಂದು ಒಳಗಿನವರಿಗಷ್ಟೇ ಗೊತ್ತಿರುವ ತಲೆನೋವು ಇದೆ. ಅಮೆರಿಕ ತನ್ನ ಗಡಿಯಾರವನ್ನು ಮಾರ್ಚ್ ಎರಡನೇ ಭಾನುವಾರ ಮುಂದಕ್ಕೆ ತಿರುಗಿಸುತ್ತದೆ, ಬ್ರಿಟನ್ ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ಐದು ಗಂಟೆ ಬದಲು ನಾಲ್ಕೇ ಗಂಟೆ ವ್ಯತ್ಯಾಸ. ಶರತ್ಕಾಲದಲ್ಲಿ ಮತ್ತೊಂದು ವಾರ ಹೀಗೇ. ಭಾರತದ ಗಡಿಯಾರ ಅಲುಗಾಡುವುದೇ ಇಲ್ಲ. ಲಂಡನ್ ಫೈಲ್ ಬಂದ ಮೇಲೆ ಓಡಬೇಕಾದ ನ್ಯೂಯಾರ್ಕ್ ಬ್ಯಾಚ್ ಫೈಲ್ ಬರುವ ಮೊದಲೇ ಓಡಿ ಬಿದ್ದುಹೋಗುವುದು ಇಂಥ ವಾರಗಳಲ್ಲೇ. ಆ ಸೋಮವಾರ ರಜೆ ಕೇಳಿದರೆ ಮ್ಯಾನೇಜರ್ ನಗುತ್ತಾರೆ.

ಕೆಲಸ ಸೀಳಿ ಸೀಳಿ ಹಂಚಿರುತ್ತದೆ. ಫ್ರಂಟ್ ಆಫೀಸ್ ಸಪೋರ್ಟ್ ಅಂದರೆ ಟ್ರೇಡರ್ ನೇರ ಚಾಟ್‌ನಲ್ಲೇ ಬೈಯುವ ಜಾಗ, ಕಲಿಕೆಯೂ ಜಾಸ್ತಿ. ಬ್ಯಾಕ್ ಆಫೀಸ್ ಸಪೋರ್ಟ್ ಅಂದರೆ ರಾತ್ರಿಯ ಬ್ಯಾಚ್ ಕಾಯುವುದು. ಆಟೋಸಿಸ್ ಅಥವಾ ಕಂಟ್ರೋಲ್-ಎಂ ಎಂಬ ವೇಳಾಪಟ್ಟಿ ತಂತ್ರಾಂಶದಲ್ಲಿ ಸಾವಿರಾರು ಜಾಬ್ ಓಡುತ್ತವೆ, ಬಿದ್ದದ್ದನ್ನು ಎತ್ತಿ ನಿಲ್ಲಿಸಬೇಕು. ಈಕ್ವಿಟಿ, ಫಾರೆಕ್ಸ್, ಬಾಂಡ್, ಡೆರಿವೇಟಿವ್ಸ್ ಒಂದೊಂದಕ್ಕೂ ಬೇರೆ ತಂಡ. ಯಾವುದರಲ್ಲಿ ಬೀಳುತ್ತೀರೋ ಅದೇ ನಿಮ್ಮ ಹಣೆಪಟ್ಟಿ ಆಗುತ್ತದೆ.

ಅದಕ್ಕಿಂತ ದೊಡ್ಡ ವ್ಯತ್ಯಾಸ, ನೀವು ಯಾರ ಪೇರೋಲ್‌ನಲ್ಲಿ ಇದ್ದೀರಿ ಅನ್ನುವುದು. ಬ್ಯಾಂಕಿನ ನೇರ ಉದ್ಯೋಗಿಯೂ ಐಟಿ ಸರ್ವಿಸ್ ಕಂಪನಿಯಿಂದ ಬಂದವರೂ ಒಂದೇ ಸಾಲಿನಲ್ಲಿ ಕೂತು ಒಂದೇ ಟಿಕೆಟ್ ನೋಡುತ್ತಾರೆ. ಬೋನಸ್, ವಿಮೆ, ವಿದೇಶಕ್ಕೆ ವರ್ಗ, ಬೇರೆ ತಂಡಕ್ಕೆ ಹೋಗುವ ಅವಕಾಶ ಎಲ್ಲದರಲ್ಲೂ ಅಂತರ ಇರುತ್ತದೆ. ಸರ್ವಿಸ್ ಕಂಪನಿಯ ಮೂಲಕ ಹೋಗಿ ಆಮೇಲೆ ಬ್ಯಾಂಕಿಗೇ ಸೇರಿಕೊಂಡವರು ಬಹಳ ಮಂದಿ ಇದ್ದಾರೆ. ಆದರೆ ಎರಡು ಕಂಪನಿಗಳ ಒಪ್ಪಂದದಲ್ಲಿ ‘ನಮ್ಮವರನ್ನು ನೀವು ತೆಗೆದುಕೊಳ್ಳುವಂತಿಲ್ಲ’ ಅಂತ ಇದ್ದರೆ ಆ ದಾರಿ ಮುಚ್ಚಿರುತ್ತದೆ. ಸೇರುವ ಮೊದಲೇ ಅಲ್ಲಿ ಕೆಲಸ ಮಾಡುವ ಯಾರನ್ನಾದರೂ ವಿಚಾರಿಸಿ.

ಲಂಡನ್, ಸಿಂಗಾಪುರ, ನ್ಯೂಜೆರ್ಸಿ ಕಡೆ ಇರುವ ಎಷ್ಟೋ ಕನ್ನಡದವರು ಹೋಗಿದ್ದು ಇದೇ ದಾರಿಯಲ್ಲಿ. ಆದರೆ ಅದನ್ನೇ ನಂಬಿ ಸೇರಬೇಡಿ. ವೀಸಾ ನಿಮ್ಮ ಕೈಯಲ್ಲೂ ಇಲ್ಲ, ಮ್ಯಾನೇಜರ್ ಕೈಯಲ್ಲೂ ಇಲ್ಲ.

ಎಕ್ಸ್‌ಚೇಂಜ್: ಜಾಗ ಕಡಿಮೆ, ಜವಾಬ್ದಾರಿ ಜಾಸ್ತಿ

ಎನ್‌ಎಸ್‌ಇ, ಬಿಎಸ್‌ಇ, ಎಂಸಿಎಕ್ಸ್, ಡೆಪಾಸಿಟರಿಗಳು (ಡಿಮ್ಯಾಟ್ ಷೇರು ಇಟ್ಟುಕೊಳ್ಳುವ ಸಂಸ್ಥೆಗಳು) ಎಲ್ಲ ಮುಂಬೈನಲ್ಲೇ. ಅಂದರೆ ಊರು ಬಿಡಬೇಕು, ಮುಂಬೈ ಬಾಡಿಗೆ ಕಟ್ಟಬೇಕು.

ಇಲ್ಲಿ ಕೆಟ್ಟರೆ ಒಬ್ಬ ಬ್ರೋಕರ್‌ಗಲ್ಲ, ದೇಶಕ್ಕೇ ಕೆಟ್ಟಂತೆ. 2021ರ ಫೆಬ್ರುವರಿ 24ರಂದು ಬೆಳಿಗ್ಗೆ 11:40ಕ್ಕೆ ಎನ್‌ಎಸ್‌ಇ ವಹಿವಾಟು ನಿಂತಿತು. ಟೆಲಿಕಾಂ ಸಂಪರ್ಕದಲ್ಲಿ ಶುರುವಾದ ತೊಂದರೆ ಕ್ಲಿಯರಿಂಗ್ ವಿಭಾಗದ ರಿಸ್ಕ್ ವ್ಯವಸ್ಥೆಯನ್ನೇ ಕೂರಿಸಿಬಿಟ್ಟಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ, ಆ ದಿನ 5 ಗಂಟೆವರೆಗೆ ಮಾರುಕಟ್ಟೆ ನಡೆಸಿದರು. ಅಷ್ಟರಲ್ಲಿ ಎಷ್ಟೋ ಬ್ರೋಕರ್‌ಗಳು ಗ್ರಾಹಕರ ಪೊಸಿಷನ್‌ಗಳನ್ನು (ಇನ್ನೂ ಮುಗಿಸದ ವಹಿವಾಟುಗಳನ್ನು) ಬಿಎಸ್‌ಇಯಲ್ಲಿ ಮುಚ್ಚಿಬಿಟ್ಟಿದ್ದರು. ‘ಚೆನ್ನೈನ ಡಿಆರ್ ಸೈಟಿಗೆ (ವಿಪತ್ತಿಗೆಂದು ಇಟ್ಟ ಬದಲಿ ಕೇಂದ್ರಕ್ಕೆ) ಯಾಕೆ ಬದಲಾಯಿಸಲಿಲ್ಲ?’ ಅನ್ನುವುದೇ ಆಗ ಎಲ್ಲರ ಪ್ರಶ್ನೆ. ಮುಂದಿನ ತಿಂಗಳೇ ಸೆಬಿ ನಿಯಮ ಬಿಗಿ ಮಾಡಿತು. 2024ರ ಮಾರ್ಚ್ 2ರ ಶನಿವಾರ ಎಕ್ಸ್‌ಚೇಂಜ್‌ಗಳು ನಿಜವಾದ ವಹಿವಾಟನ್ನೇ ಡಿಆರ್ ಸೈಟಿನಿಂದ ನಡೆಸಿ ತೋರಿಸಿದವು.

ಇಂಥ ಜಾಗದಲ್ಲಿ ಎಲ್ಲವೂ ಲಿಖಿತ. ಒಂದು ಸಣ್ಣ ಬದಲಾವಣೆಗೂ ಅನುಮತಿಯ ಸರಣಿ. ಶಿಸ್ತು ಇಷ್ಟಪಡುವವರಿಗೆ, ನಿಧಾನವಾಗಿ ಆಳಕ್ಕೆ ಇಳಿಯುವವರಿಗೆ ಇದು ಸರಿ. ಬೇಗ ಬೇಗ ಹೊಸದು ಕಲಿಯಬೇಕು ಅನ್ನುವವರಿಗೆ ಉಸಿರು ಕಟ್ಟುತ್ತದೆ. ಹೊಸಬರಾಗಿ ಸೇರುವುದು ಕಷ್ಟ, ಮೂರು ನಾಲ್ಕು ವರ್ಷ ಬ್ರೋಕರ್ ಕಡೆ ಇದ್ದು ಹೋಗುವುದು ಸುಲಭ. ಗುಜರಾತಿನ ಗಿಫ್ಟ್ ಸಿಟಿಯಲ್ಲೂ ಈಗ ಕೆಲಸಗಳಿವೆ. ಸಿಂಗಾಪುರದ ನಿಫ್ಟಿ ವಹಿವಾಟು 2023ರ ಜುಲೈನಲ್ಲಿ ಅಲ್ಲಿಗೆ ಬಂದ ಮೇಲೆ ಬೆಳಗಿನ ಜಾವದಿಂದ ನಡುರಾತ್ರಿ ದಾಟುವವರೆಗೂ ಮಾರುಕಟ್ಟೆ ತೆರೆದಿರುತ್ತದೆ. ಶಿಫ್ಟ್ ಲೆಕ್ಕ ನೀವೇ ಹಾಕಿಕೊಳ್ಳಿ.

ಪ್ರಾಪ್ ಸಂಸ್ಥೆ: ಮೈಕ್ರೋಸೆಕೆಂಡಿನ ಜಗತ್ತು

ಇವು ತಮ್ಮದೇ ದುಡ್ಡಿನಲ್ಲಿ, ಅಲ್ಗಾರಿದಂ ಬಳಸಿ ವಹಿವಾಟು ಮಾಡುವ ಸಂಸ್ಥೆಗಳು. ಹೆಚ್ಚಿನವು ಮುಂಬೈ, ಗುರುಗ್ರಾಮದಲ್ಲಿವೆ. ಎಕ್ಸ್‌ಚೇಂಜ್ ಕಟ್ಟಡದೊಳಗೇ ಕೋ-ಲೊಕೇಶನ್ ರ‍್ಯಾಕ್‌ನಲ್ಲಿ ಇವರ ಸರ್ವರ್ ಕೂತಿರುತ್ತದೆ. ವೇಗವೇ ಇವರ ವ್ಯಾಪಾರ.

ಸಪೋರ್ಟ್ ಅನ್ನುವ ಹೆಸರೇ ಇಲ್ಲಿ ಸಣ್ಣದಾಗುತ್ತದೆ. ಲಿನಕ್ಸ್ ಕರ್ನಲ್ ಹೊಂದಿಸುವುದು, ನೆಟ್‌ವರ್ಕ್ ಕಾರ್ಡ್ ತಿದ್ದುವುದು, ಸರ್ವರ್‌ಗಳ ಗಡಿಯಾರ ಒಂದಕ್ಕೊಂದು ಕೂಡಿಸುವುದು, ಮಲ್ಟಿಕಾಸ್ಟ್ ಫೀಡ್‌ನಲ್ಲಿ (ಎಕ್ಸ್‌ಚೇಂಜ್ ಎಲ್ಲರಿಗೂ ಒಟ್ಟಿಗೆ ಕಳಿಸುವ ಬೆಲೆಗಳ ಹರಿವು) ಒಂದು ಪ್ಯಾಕೆಟ್ ಬಿದ್ದುಹೋದರೆ ಎಲ್ಲಿ ಬಿತ್ತು ಅಂತ ಹುಡುಕುವುದು. ದುಡ್ಡು ಕಳೆದುಕೊಳ್ಳುವವರು ನಿಮ್ಮ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಕಳೆದದ್ದು ಎಷ್ಟು ಅನ್ನುವುದು ಅವರ ಪರದೆಯಲ್ಲಿ ಆಗಲೇ ಕಾಣುತ್ತಿರುತ್ತದೆ.

ಸಂಬಳ ಈ ನಾಲ್ಕರಲ್ಲಿ ಹೆಚ್ಚು, ಬೋನಸ್ ಇನ್ನೂ ಹೆಚ್ಚು. ಸಂಸ್ಥೆಗೆ ಕೆಟ್ಟ ವರ್ಷ ಬಂದರೆ ಅದೂ ಅಷ್ಟೇ ಜೋರಾಗಿ ತಟ್ಟುತ್ತದೆ. ಒಪ್ಪಂದದಲ್ಲಿ ಬಿಟ್ಟುಹೋದ ಮೇಲೆ ಇಂತಿಷ್ಟು ತಿಂಗಳು ಇನ್ನೊಂದು ಟ್ರೇಡಿಂಗ್ ಸಂಸ್ಥೆ ಸೇರುವಂತಿಲ್ಲ ಎಂಬ ಷರತ್ತು ಇರಬಹುದು. ಆ ತಿಂಗಳುಗಳಿಗೆ ಸಂಬಳ ಕೊಡುತ್ತಾರಾ ಅಂತ ಓದಿ ಸಹಿ ಹಾಕಿ. ಕಾಲೇಜು ಹೆಸರು ನೋಡಿ ಕರೆಯುವುದು ಇಲ್ಲಿ ಜಾಸ್ತಿ, ನಿಜ. ಆದರೆ ಸಿಸ್ಟಂ ಅಡ್ಮಿನ್, ನೆಟ್‌ವರ್ಕ್ ಕೆಲಸಕ್ಕೆ ಕೈ ಪಳಗಿದವರನ್ನು ಎಲ್ಲಿಂದ ಬಂದರೂ ತೆಗೆದುಕೊಳ್ಳುತ್ತಾರೆ. ಲಿನಕ್ಸ್‌ನ ರೆಡ್ ಹ್ಯಾಟ್ ಪರೀಕ್ಷೆ ಪಾಸಾಗಿ, ನಾಲ್ಕು ವರ್ಷ ಡೇಟಾ ಸೆಂಟರ್‌ನಲ್ಲಿ ದುಡಿದವರು ಧೈರ್ಯವಾಗಿ ಅರ್ಜಿ ಹಾಕಬಹುದು.

ಯಾರೂ ಗಮನಿಸದ ಐದನೇ ದಾರಿ

ಟ್ರೇಡಿಂಗ್ ತಂತ್ರಾಂಶ ಮಾಡಿ ಮಾರುವ ಕಂಪನಿಗಳು. ಬ್ರೋಕರ್‌ಗಳ ಮನೆಮಾತಾದ ‘ಓಡಿನ್’ 63 ಮೂನ್ಸ್ ಕಂಪನಿಯದ್ದು. ‘ನೆಸ್ಟ್’ ಬೆಂಗಳೂರಿನ ಆಮ್ನೆಸಿಸ್ ಕಂಪನಿಯ ಕೂಸು, 2013ರಲ್ಲಿ ಥಾಮ್ಸನ್ ರಾಯ್ಟರ್ಸ್ ಅದನ್ನು ಕೊಂಡಿತು. ಇಂಥ ಕಡೆ ಸಪೋರ್ಟ್‌ಗೆ ಸೇರಿದರೆ ಒಂದೇ ದಿನದಲ್ಲಿ ಹತ್ತು ಬ್ರೋಕರ್‌ಗಳ ಹತ್ತು ಬಗೆಯ ತೊಂದರೆ ನೋಡಬಹುದು. ಕೋಡ್ ಬರೆದವರು ಅದೇ ಕಟ್ಟಡದಲ್ಲಿರುವುದರಿಂದ ಡೆವಲಪರ್ ಆಗುವ ಆಸೆ ಇದ್ದರೆ ಅದಕ್ಕೂ ದಾರಿ ಹತ್ತಿರ. ಒಂದು ಎಕ್ಸ್‌ಚೇಂಜ್ ತನ್ನ ವೇದಿಕೆಯನ್ನೇ ಬದಲಿಸುವಾಗ ಅಲ್ಲಿದ್ದರಂತೂ ಹತ್ತು ವರ್ಷದ ಪಾಠ ಒಂದು ವರ್ಷದಲ್ಲಿ ಆಗುತ್ತದೆ. ಎಂಸಿಎಕ್ಸ್ 2023ರ ಅಕ್ಟೋಬರ್‌ನಲ್ಲಿ 63 ಮೂನ್ಸ್ ವ್ಯವಸ್ಥೆ ಬಿಟ್ಟು ಟಿಸಿಎಸ್ ವೇದಿಕೆಗೆ ಹೋದದ್ದು ಅಂಥ ಒಂದು ಬದಲಾವಣೆ. ಹೊಸಬರಿಗೆ ಬ್ರೋಕರ್ ಬಿಟ್ಟರೆ ನಾನು ಹೇಳುವುದು ಇದನ್ನೇ.

ಏನು ಕಲಿತು ಹೋಗಬೇಕು?

ಲಿನಕ್ಸ್ ಕಮಾಂಡ್‌ಗಳು ಮತ್ತು ಎಸ್‌ಕ್ಯೂಎಲ್. ಇವೆರಡು ಬಾರದಿದ್ದರೆ ಮುಂದಿನ ಮಾತೇ ಇಲ್ಲ. ದೊಡ್ಡ ಲಾಗ್ ಫೈಲಿನಲ್ಲಿ ಒಂದು ಆರ್ಡರ್ ನಂಬರ್ ಹುಡುಕಿ, ಅದು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೋಯಿತು ಅಂತ ಹೇಳಲು ಬಂದರೆ ಅರ್ಧ ಇಂಟರ್‌ವ್ಯೂ ಗೆದ್ದಂತೆ. ಸ್ವಲ್ಪ ಪೈಥಾನ್ ಇದ್ದರೆ ಒಳ್ಳೆಯದು.

ಆಮೇಲೆ ಫಿಕ್ಸ್ ಪ್ರೊಟೊಕಾಲ್. 1992ರ ಸುಮಾರಿಗೆ ಫಿಡೆಲಿಟಿ ಮತ್ತು ಸಾಲೊಮನ್ ಬ್ರದರ್ಸ್ ನಡುವೆ ಹುಟ್ಟಿದ ಈ ಭಾಷೆಯಲ್ಲೇ ಇಂದಿಗೂ ಜಗತ್ತಿನ ಬಹುಪಾಲು ಟ್ರೇಡಿಂಗ್ ಸಿಸ್ಟಂಗಳು ಮಾತಾಡುತ್ತವೆ. ನೋಡಲು ಬರೀ ಅಂಕಿಗಳ ಸಾಲು. 35 ಅಂದರೆ ಸಂದೇಶದ ಬಗೆ, ಅದರ ಎದುರು ಡಿ ಇದ್ದರೆ ಹೊಸ ಆರ್ಡರ್, 8 ಇದ್ದರೆ ಆ ಕಡೆಯಿಂದ ಬಂದ ಉತ್ತರ. 55 ಷೇರಿನ ಹೆಸರು. 54ರ ಎದುರು 1 ಅಂದರೆ ಖರೀದಿ, 2 ಅಂದರೆ ಮಾರಾಟ. 38 ಎಷ್ಟು ಷೇರು, 44 ಯಾವ ಬೆಲೆ. 39ರ ಎದುರು 2 ಇದ್ದರೆ ಪೂರ್ತಿ ಟ್ರೇಡ್ ಆಗಿದೆ, 8 ಇದ್ದರೆ ರಿಜೆಕ್ಟ್. ಯಾಕೆ ರಿಜೆಕ್ಟ್ ಅನ್ನುವುದು ಹೆಚ್ಚಿನ ಸಲ 58ರಲ್ಲಿ ಬರೆದಿರುತ್ತದೆ. 34 ಸಂದೇಶದ ಸರಣಿ ಸಂಖ್ಯೆ, ಎರಡೂ ಕಡೆಯ ಈ ಸಂಖ್ಯೆ ತಾಳೆಯಾಗದಿದ್ದರೆ ಬೆಳಿಗ್ಗೆ ಲಾಗಾನ್ ಆಗುವಾಗಲೇ ರಾಮಾಯಣ ಶುರು. ಇಷ್ಟನ್ನು ಒಂದು ಭಾನುವಾರ ಕೂತು ಕಲಿಯಬಹುದು. ಬ್ಯಾಂಕಿನ ಕಡೆ ಇದು ತೀರಾ ಬೇಕು. ನಮ್ಮ ಎಕ್ಸ್‌ಚೇಂಜ್‌ಗಳಿಗೆ ತಮ್ಮದೇ ಪ್ರೊಟೊಕಾಲ್ ಇವೆ, ಆದರೆ ಯೋಚನೆಯ ರೀತಿ ಒಂದೇ.

ಮಾರುಕಟ್ಟೆ ಜ್ಞಾನಕ್ಕೆ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆಗಳಿವೆ. ಏಳನೇ ಸರಣಿಯದು ಬ್ರೋಕರ್ ಕಚೇರಿಯ ಆಪರೇಷನ್ಸ್ ಮತ್ತು ರಿಸ್ಕ್ ಕುರಿತದ್ದು. ಟೆಕ್ನಾಲಜಿಯವರೂ ಅದನ್ನು ಬರೆದಿಟ್ಟರೆ ರೆಸ್ಯೂಮೆ ಎದ್ದು ಕಾಣುತ್ತದೆ. ಇದನ್ನು ಬಿಟ್ಟು ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಅಂತ ಲಕ್ಷಗಟ್ಟಲೆ ಕೇಳುವ ಕೋರ್ಸ್‌ಗೆ ಅಪ್ಪನ ಹತ್ತಿರ ದುಡ್ಡು ಕೇಳಬೇಡಿ.

ಇಂಗ್ಲಿಷ್ ಬಗ್ಗೆ ಕನ್ನಡ ಮಾಧ್ಯಮದವರಿಗೆ ಹೆದರಿಕೆ ಇರುತ್ತದೆ. ದೊಡ್ಡ ತೊಂದರೆ ಬಂದಾಗ ಬ್ರಿಜ್ ಕಾಲ್‌ನಲ್ಲಿ (ಎಲ್ಲ ತಂಡಗಳೂ ಒಟ್ಟಿಗೆ ಸೇರುವ ಕರೆ) ನಲವತ್ತು ಜನ ಇರುತ್ತಾರೆ, ಯಾರಿಗೂ ನಿಮ್ಮ ವ್ಯಾಕರಣ ಬೇಕಿಲ್ಲ. ಏನು ಕೆಟ್ಟಿದೆ, ಯಾರಿಗೆ ತೊಂದರೆ ಆಗಿದೆ, ಮುಂದಿನ ಸುದ್ದಿ ಎಷ್ಟು ಹೊತ್ತಿಗೆ. ಈ ಮೂರನ್ನು ನಿಧಾನವಾಗಿ ಹೇಳಲು ಬಂದರೆ ಸಾಕು. ಗೊತ್ತಿಲ್ಲದ್ದನ್ನು ‘ಇನ್ನೂ ನೋಡುತ್ತಿದ್ದೇವೆ’ ಅನ್ನಲು ಕಲಿಯಿರಿ. ಸುಮ್ನೆ ಊಹೆ ಮಾಡಿ ಹೇಳಿದ ಕಾರಣ ಆಮೇಲೆ ನಿಮ್ಮ ಕುತ್ತಿಗೆಗೇ ಬರುತ್ತದೆ.

ಇನ್ನೊಂದು ವಿಷಯ. ಟ್ರೇಡಿಂಗ್ ಕಂಪನಿ ಸೇರಿದರೆ ಟಿಪ್ಸ್ ಸಿಗುತ್ತದೆ ಅಂತ ಬರುವವರಿದ್ದಾರೆ. ಹೆಚ್ಚಿನ ಕಡೆ ನಿಮ್ಮ ಡಿಮ್ಯಾಟ್ ಖಾತೆ ಘೋಷಿಸಬೇಕು, ಷೇರು ಕೊಳ್ಳಲು ಮೊದಲೇ ಅನುಮತಿ ಪಡೆಯಬೇಕು, ಎಫ್ ಆ್ಯಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಪೂರ್ತಿ ನಿಷೇಧ ಇರಬಹುದು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆ್ಯಂಡ್ ಓ ಮಾಡಿದ ಸಾಮಾನ್ಯ ಜನರಲ್ಲಿ 93 ಶೇಕಡಾ ಮಂದಿ ಕಳೆದುಕೊಂಡರು ಅಂತ ಸೆಬಿಯೇ ಹೇಳಿದೆ. ನಿಷೇಧ ಇದ್ದರೆ ಲಾಭವೇ ಅನ್ನಿ.

ಹಾಗಾದರೆ ಯಾವುದು?

ಈಗಷ್ಟೇ ಓದು ಮುಗಿಸಿದವರು ಬ್ರೋಕರ್ ಅಥವಾ ತಂತ್ರಾಂಶ ಕಂಪನಿಯಲ್ಲಿ ಶುರು ಮಾಡಿ. ಎರಡು ಮೂರು ವರ್ಷದ ಮೇಲೆ ಬ್ಯಾಂಕಿನ ಎಲ್2ಗೆ ನೇರ ಪೇರೋಲ್‌ನಲ್ಲಿ ಹೋಗಲು ನೋಡಿ. ಸರ್ವಿಸ್ ಕಂಪನಿಯ ಎಲ್1 ಆಫರ್ ಮಾತ್ರ ಕೈಯಲ್ಲಿದ್ದರೆ, ಮನೆಗೆ ಸಂಬಳ ಬೇಕಿದ್ದರೆ ಸೇರಿಕೊಳ್ಳಿ, ಆದರೆ ಹೊರಗೆ ಬರುವ ತಯಾರಿ ಮೊದಲ ದಿನದಿಂದಲೇ ಇರಲಿ. ಬೇರೆ ಕ್ಷೇತ್ರದ ಸಪೋರ್ಟ್‌ನಲ್ಲಿ ಐದಾರು ವರ್ಷ ಇದ್ದವರಿಗೆ ಬ್ಯಾಂಕ್ ಸರಿ. ನಿಮ್ಮ ಲಿನಕ್ಸ್ ಅನುಭವಕ್ಕೆ ಅಲ್ಲಿ ಬೆಲೆ ಇದೆ, ಮಾರುಕಟ್ಟೆ ಜ್ಞಾನ ಹೋದ ಮೇಲೆ ಕಲಿಯಬಹುದು. ಚಿಕ್ಕ ಮಕ್ಕಳಿರುವವರು, ವಯಸ್ಸಾದ ತಂದೆತಾಯಿ ನೋಡಿಕೊಳ್ಳುವವರು ಭಾರತೀಯ ಮಾರುಕಟ್ಟೆ ಅಥವಾ ಏಷ್ಯಾ, ಲಂಡನ್ ಶಿಫ್ಟ್ ಬಿಟ್ಟು ಬೇರೆ ಒಪ್ಪಿಕೊಳ್ಳಬೇಡಿ. ನ್ಯೂಯಾರ್ಕ್ ಭತ್ಯೆ ನೋಡಿ ಹೋದವರಲ್ಲಿ ಹೆಚ್ಚಿನವರು ಎರಡನೇ ವರ್ಷ ಶಿಫ್ಟ್ ಬದಲಿಸಿ ಅಂತ ಕೇಳುತ್ತಾರೆ. ನೆಟ್‌ವರ್ಕ್, ಹಾರ್ಡ್‌ವೇರ್ ಅಂದರೆ ಪ್ರಾಣ ಅನ್ನುವವರು, ಮುಂಬೈಗೋ ಗುರುಗ್ರಾಮಕ್ಕೋ ಹೋಗಲು ಅಡ್ಡಿ ಇಲ್ಲದವರು ಪ್ರಾಪ್ ಸಂಸ್ಥೆ ಪ್ರಯತ್ನಿಸಿ.

ಇಂಟರ್‌ವ್ಯೂ ಕೊನೆಗೆ ‘ನಿಮಗೇನಾದರೂ ಕೇಳುವುದಿದೆಯಾ?’ ಅಂತ ಅವರು ಕೇಳುತ್ತಾರಲ್ವಾ, ಆಗ ಸುಮ್ಮನಿರಬೇಡಿ. ಯಾವ ಮಾರುಕಟ್ಟೆ, ಎಷ್ಟರಿಂದ ಎಷ್ಟರವರೆಗೆ? ಶಿಫ್ಟ್ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ? ನನ್ನ ತಂಡದ ಎಲ್1ನವರು ಕಳೆದ ವರ್ಷ ಎಷ್ಟು ಜನ ಎಲ್2 ಆದರು? ಕಳೆದ ಸಲ ದೊಡ್ಡ ತೊಂದರೆ ಆದಾಗ ವರದಿ ಬರೆದವರು ಯಾರು? ಶನಿವಾರದ ಮಾಕ್ ಟ್ರೇಡಿಂಗ್‌ಗೆ ಬಂದರೆ ಬದಲಿ ರಜೆ ಇದೆಯಾ, ರಾತ್ರಿ ಆನ್-ಕಾಲ್‌ಗೆ ದುಡ್ಡು ಇದೆಯಾ? ಕೊನೆಯ ಪ್ರಶ್ನೆಗೆ ‘ಅದೆಲ್ಲ ಆಮೇಲೆ ನೋಡೋಣ’ ಅಂದರೆ, ಆಫರ್ ಲೆಟರ್‌ನಲ್ಲಿ ಬರೆದು ಕೊಡುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.